ಮೂಗಿನ ರಿಪೇರಿ: ನಾಲ್ಕು ಬಾಟಲಿ, ಒಂದು ಚೀಟಿ ಡಬ್ಬಿ

ನನ್ನದು ಮೈಸೂರಿನಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಸ್ಟೆಬಿಲೈಸರ್, ಯುಪಿಎಸ್ ಬರುತ್ತವೆ. ಈ ಕಸುಬಿನಲ್ಲಿ ಮಲ್ಟಿಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಮೂಗು ಅರ್ಧ ಕೆಲಸ ಮುಗಿಸಿರುತ್ತದೆ. ಮಿಕ್ಸಿಯ ತಳ ಬಿಚ್ಚಿ ಒಂದು ಸಲ ಮೂಸಿದರೆ ವೈಂಡಿಂಗ್ ಸುಟ್ಟಿದೆಯೋ, ಬರೀ ಕಾರ್ಬನ್ ಬ್ರಷ್ ಸವೆದಿದೆಯೋ ಗೊತ್ತಾಗುತ್ತದೆ. ಸುಟ್ಟ ವಾರ್ನಿಷ್ ವಾಸನೆ ಬೇರೆ, ಸೋರಿದ ಕೆಪಾಸಿಟರ್‌ನ ಮೀನಿನಂಥ ನಾತ ಬೇರೆ.

2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಜ್ವರ ನಾಲ್ಕೇ ದಿನಕ್ಕೆ ಇಳಿಯಿತು. ವಾಸನೆ ಮಾತ್ರ ಹೋದದ್ದು ಹೋಗಿಯೇ ಬಿಟ್ಟಿತು. ಅಂಗಡಿ ತೆರೆದ ಮೊದಲ ವಾರ ಒಂದು ಮಿಕ್ಸಿಯನ್ನು ಟೆಸ್ಟ್‌ಗೆ ಓಡಿಸಿ ಬೇರೆ ಏನೋ ಹುಡುಕುತ್ತಿದ್ದೆ. ಗಿರಾಕಿ ಬಾಗಿಲಲ್ಲೇ ನಿಂತು, "ಏನ್ ಸಾರ್, ಇಷ್ಟು ಸುಟ್ಟ ವಾಸನೆ ಬರ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ?" ಅಂದರು. ತಿರುಗಿ ನೋಡುವಷ್ಟರಲ್ಲಿ ಹೊಗೆ. ಮೋಟಾರ್ ಹೋಯಿತು. ಅದರ ದುಡ್ಡು ನಾನೇ ಕೊಟ್ಟೆ.

ಮೂರು ತಿಂಗಳು ತಾನಾಗೇ ಸರಿ ಹೋಗುತ್ತದೆ ಅಂತ ಕಾದೆ. ಆಮೇಲೆ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ದುರ್ಬೀನು ಹಾಕಿ ನೋಡಿ ಒಳಗೆ ದುರ್ಮಾಂಸ ಇಲ್ಲ, ಸೈನಸ್ ತೊಂದರೆ ಇಲ್ಲ ಅಂದರು. ಈ ಹೆಜ್ಜೆ ಬಿಡಬೇಡಿ. ವಾಸನೆ ಹೋಗುವುದಕ್ಕೆ ವೈರಸ್ ಒಂದೇ ಕಾರಣ ಅಲ್ಲ. ಅವರು ಮಾತ್ರೆ ಬರೆಯಲಿಲ್ಲ. "ದಿನಕ್ಕೆ ಎರಡು ಸಲ ನಾಲ್ಕು ವಾಸನೆ ಮೂಸಿ, ಮೂರು ತಿಂಗಳು ಬಿಡದೆ ಮಾಡಿ" ಅಂದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ.

ಇಷ್ಟೇನಾ ಅನ್ನಿಸಿತು. ಮನೆಗೆ ಬಂದು ಓದಿದೆ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಥಾಮಸ್ ಹುಮ್ಮೆಲ್ ಎಂಬ ವೈದ್ಯರೂ ಅವರ ಜೊತೆಗಾರರೂ ಪ್ರಕಟಿಸಿದ ಕ್ರಮ ಇದು. 40 ಮಂದಿ 12 ವಾರ ಇದೇ ನಾಲ್ಕು ವಾಸನೆ ಮೂಸಿದರು, 16 ಮಂದಿ ಸುಮ್ಮನಿದ್ದರು. ಮೂಸಿದವರಲ್ಲಿ ಒಂದಷ್ಟು ಜನಕ್ಕೆ ಸುಧಾರಿಸಿತು. ಎಲ್ಲರಿಗೂ ಅಲ್ಲ. ಈ ನಾಲ್ಕೇ ಯಾಕೆ ಅಂದರೆ, 1916ರಲ್ಲಿ ಹಾನ್ಸ್ ಹೆನ್ನಿಂಗ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ವಾಸನೆಗಳನ್ನೆಲ್ಲ ಆರು ಗುಂಪು ಮಾಡಿದ್ದರು: ಹೂವು, ಹಣ್ಣು, ಮಸಾಲೆ, ರಾಳ, ಸುಟ್ಟದ್ದು, ಕೊಳೆತದ್ದು. ಕೊನೆಯ ಎರಡನ್ನು ಬಿಟ್ಟು ಉಳಿದ ನಾಲ್ಕಕ್ಕೆ ಒಂದೊಂದು. ಅದೇ 1916ರಲ್ಲಿ ನಮ್ಮ ಮೈಸೂರು ಸಂಸ್ಥಾನ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿತ್ತು. ಊದುಬತ್ತಿಗೆ, ಮಲ್ಲಿಗೆಗೆ, ಗಂಧಕ್ಕೆ ಹೆಸರಾದ ಊರಿನಲ್ಲಿ ಕೂತು ಏನೂ ಮೂಸಲಾಗದ ಸ್ಥಿತಿ ನನ್ನದು.

ಬಾಟಲಿ ಕೆಲಸಕ್ಕೆ ಮೊದಲು ಗ್ಯಾಸ್ ಅಲಾರಂ ಮಾಡಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಆ ನಾತವೇ ತಿಳಿಯದಿದ್ದರೆ? ಅಂಗಡಿಯಲ್ಲಿ ಬಿದ್ದಿದ್ದ ಎಂಕ್ಯೂ-2 ಸೆನ್ಸರ್ ಹಾಕಿ ಬಜರ್ ಕಟ್ಟಿದೆ. ಅದು ಹೊಗೆಯನ್ನೂ ಹಿಡಿಯುತ್ತದೆ. ಪ್ರತಿ ಒಗ್ಗರಣೆಗೂ ಕೂಗತೊಡಗಿತು. ಮೂರನೇ ದಿನ ಹೆಂಡತಿ ವೈರ್ ಕಿತ್ತಿಟ್ಟಿದ್ದಳು. ಎಂಕ್ಯೂ-6ಕ್ಕೆ ಬದಲಾಯಿಸಿದೆ, ಅದು ಅಡುಗೆ ಹೊಗೆಗೆ ಅಷ್ಟಾಗಿ ಬೆಚ್ಚುವುದಿಲ್ಲ. ಹೊಸ ಸೆನ್ಸರ್ ಒಂದು ಇಡೀ ದಿನ ಆನ್ ಆಗಿದ್ದು ಬಿಸಿಯಾದ ಮೇಲೇ ಅದರ ರೀಡಿಂಗ್ ನಂಬಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಆದ್ದರಿಂದ ಅಲಾರಂ ನೆಲದಿಂದ ಒಂದು ಅಡಿ ಮೇಲಿರಲಿ, ಛಾವಣಿ ಹತ್ತಿರ ಬೇಡ. ಕೊನೆಗೆ ನನ್ನದರ ಪಕ್ಕದಲ್ಲಿ ಒಂದು ರೆಡಿಮೇಡ್ ಅಲಾರಂ ಕೂಡ ಹಾಕಿದೆ. ನಾನೇ ಬೆಸುಗೆ ಹಾಕಿದ್ದನ್ನು ಮಾತ್ರ ನಂಬಿ ಮಲಗುವಷ್ಟು ಧೈರ್ಯ ಇರಲಿಲ್ಲ.

ಮೊದಲ ಸೆಟ್, ಐದೇ ದಿನ

ದುಡ್ಡು ಯಾಕೆ ದಂಡ ಅಂತ ಅಡುಗೆಮನೆಯಿಂದಲೇ ಶುರು ಮಾಡಿದೆ. ಉಪ್ಪಿನಕಾಯಿಯ ನಾಲ್ಕು ಖಾಲಿ ಬಾಟಲಿ. ಒಂದರಲ್ಲಿ ಜಜ್ಜಿದ ಲವಂಗ, ಒಂದರಲ್ಲಿ ನಿಂಬೆ ಸಿಪ್ಪೆ, ಒಂದರಲ್ಲಿ ದೇವರಾಜ ಮಾರುಕಟ್ಟೆಯ ಗುಲಾಬಿ ಎಸಳು, ಇನ್ನೊಂದರಲ್ಲಿ ನೀಲಗಿರಿ ಸೊಪ್ಪು.

ಬಾಟಲಿಗಳನ್ನು ಮೂರು ಸಲ ತೊಳೆದಿದ್ದೆ. ನನ್ನ ಮೂಗಿಗೆ ಎಲ್ಲ ಶುದ್ಧ. ಹೆಂಡತಿ ಒಂದೊಂದೇ ಮೂಸಿ ನಕ್ಕಳು. "ರೀ, ಇದು ಗುಲಾಬಿ ಉಪ್ಪಿನಕಾಯಿ. ಇದು ಲವಂಗದ ಉಪ್ಪಿನಕಾಯಿ." ಮುಚ್ಚಳದ ಒಳಗಿನ ರಬ್ಬರ್ ಪದರ ವಾಸನೆ ಕುಡಿದು ಕೂತಿತ್ತು. ನಾಲ್ಕನೇ ದಿನ ನಿಂಬೆ ಸಿಪ್ಪೆಗೆ ಬೂಸಲು ಬಂತು. ಐದನೇ ದಿನ ಗುಲಾಬಿ ಕೊಳೆಯಿತು. ಅಂಗಡಿ ಗುಲಾಬಿಗೆ ಮೊದಲೇ ವಾಸನೆ ಇರಲಿಲ್ಲವಂತೆ. ಈಗ ಬರುವುದೆಲ್ಲ ನೋಡಲಿಕ್ಕೆ ಮಾತ್ರ, ನಾಟಿ ಗುಲಾಬಿ ಕೇಳಿ ತರಬೇಕಿತ್ತು.

ಇಲ್ಲಿ ಒಂದು ವಿಷಯ ಗಟ್ಟಿಯಾಯಿತು. ವಾಸನೆ ಬರದವನು ಒಬ್ಬನೇ ಈ ಕಿಟ್ ಮಾಡಲಾರ. ಮೂಗು ಚೆನ್ನಾಗಿರುವ ಒಬ್ಬರು ಜೊತೆಗೆ ಬೇಕು. ಸಾಮಾನು ಕೊಳ್ಳುವಾಗಲೂ ಬೇಕು.

ಎರಡನೇ ಸೆಟ್, 2021ರ ಸೆಪ್ಟೆಂಬರ್ 6ರಿಂದ

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಅಗಲ ಬಾಯಿಯ, 60 ಮಿ.ಲೀ.ನ ಕಂದು ಗಾಜಿನ ಬಾಟಲಿ ಆರು ತಂದೆ. ಕಂದು ಗಾಜು ಯಾಕೆಂದರೆ ಬೆಳಕು ಬಿದ್ದರೆ ಎಣ್ಣೆ ಕೆಡುತ್ತದೆ, ಅದರಲ್ಲೂ ನಿಂಬೆ. ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ.

ನೀಲಗಿರಿ ಎಣ್ಣೆ ಮನೆಯಲ್ಲೇ ಇತ್ತು. ಊಟಿಗೆ ಹೋದವರು ಯಾರಾದರೂ ತಂದು ಕೊಟ್ಟಿರುತ್ತಾರಲ್ಲ, ಅದೇ. ಲವಂಗದ ಎಣ್ಣೆ ಮೆಡಿಕಲ್ ಸ್ಟೋರ್‌ನಲ್ಲಿ ಹಲ್ಲುನೋವಿಗೆ ಅಂತ ಸಿಗುತ್ತದೆ. ನಿಂಬೆ ಎಣ್ಣೆ ಅಂತ ಒಂದು ಅಂಗಡಿಯಲ್ಲಿ ಕೊಂಡೆ. ಹೆಂಡತಿ ಮುಚ್ಚಳ ತೆಗೆದವಳೇ "ಇದು ನಿಂಬೆ ಅಲ್ಲ, ಮಜ್ಜಿಗೆ ಹುಲ್ಲು" ಅಂದಳು. ವಾಪಸ್ ಹೋದರೆ ಅಂಗಡಿಯವರು, "ಎರಡೂ ಒಂದೇ ಸಾರ್" ಅಂದರು. ಒಂದೇ ಅಲ್ಲ. ನಿಂಬೆ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಿಮೊನೀನ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್. ಆದರೂ ತರಬೇತಿಗೆ ಇದರಿಂದ ಆಕಾಶ ಬೀಳುವುದಿಲ್ಲ, ದಿನವೂ ಅದೇ ವಾಸನೆ ಇದ್ದರೆ ಸಾಕು. ಆದರೆ ಮೂಸುವಾಗ ನಾನು ಮನಸ್ಸಿನಲ್ಲಿ ನಿಂಬೆಹಣ್ಣು ನೆನೆಯಬೇಕು. ಬಾಟಲಿಯಲ್ಲಿ ಹುಲ್ಲು, ತಲೆಯಲ್ಲಿ ಹಣ್ಣು ಅಂದರೆ ಹೇಗೆ? ಬೇರೆ ಕಡೆಯಿಂದ ನಿಂಬೆಯದ್ದೇ ತಂದೆ.

ಗುಲಾಬಿ ಅತಿ ಕಷ್ಟ ಕೊಟ್ಟಿತು. ಪನ್ನೀರು ತೀರಾ ತೆಳು, ಎರಡು ದಿನಕ್ಕೆ ಹಾರಿ ಹೋಗುತ್ತದೆ. ಅಸಲಿ ಗುಲಾಬಿ ಎಣ್ಣೆಯ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದೆ. ಅಗ್ಗದ ಅತ್ತರು ತಂದರೆ ಅರ್ಧಕ್ಕರ್ಧ ಯಾವುದೋ ಮಂದ ಎಣ್ಣೆ. ಊದುಬತ್ತಿಗೆ ಸುಗಂಧ ಕೂಡಿಸುವವರಿಗೆ ಕಚ್ಚಾ ಮಾಲು ಮಾರುವ ಅಂಗಡಿಯಲ್ಲಿ ಕೊನೆಗೆ ಉತ್ತರ ಸಿಕ್ಕಿತು: ಫಿನೈಲ್ ಈಥೈಲ್ ಆಲ್ಕೋಹಾಲ್. ಪನ್ನೀರಿನ ಘಮದ ದೊಡ್ಡ ಪಾಲು ಇದೇ. ಡ್ರೆಸ್ಡೆನ್‌ನವರು ಗುಲಾಬಿ ಅಂತ ಬಳಸಿದ್ದೂ ಇದನ್ನೇ. ಅಂಗಡಿಯ ಅಜ್ಜ ಅದನ್ನು ಬರೀ "ಪಿಇಎ" ಅಂತ ಕರೆದು, 25 ಮಿ.ಲೀ. ಅಳೆದು ಕೊಟ್ಟು, "ಯಾವ ಬ್ರ್ಯಾಂಡ್ ಬತ್ತಿ ಮಾಡ್ತೀರಪ್ಪ?" ಅಂತ ಕೇಳಿದರು.

ಎಣ್ಣೆಯನ್ನು ಬಾಟಲಿಗೆ ಹಾಗೇ ಸುರಿಯಬಾರದು. ಅಲ್ಲಾಡಿದರೆ ಬಾಯಿಗೆ ಅಂಟುತ್ತದೆ, ಮೂಗಿನ ತುದಿಗೆ ತಾಗಿದರೆ ಉರಿ. ಜಲವರ್ಣಕ್ಕೆ ಬಳಸುವ ದಪ್ಪ ಡ್ರಾಯಿಂಗ್ ಕಾಗದವನ್ನು ದುಂಡಗೆ ಕತ್ತರಿಸಿ ತಳದಲ್ಲಿ ಕೂರಿಸಿದೆ. ಅದರ ಮೇಲೆ ಹತ್ತು ಹನಿ. ಕಾಗದ ಹೀರಿಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ಮುಚ್ಚಳದ ರಬ್ಬರ್ ಕಿತ್ತೆಸೆದು, ಬಾಟಲಿಯ ಕುತ್ತಿಗೆಗೆ ನಲ್ಲಿಯವರು ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಮೂರು ಸುತ್ತು ಹಾಕಿದೆ. ಟೆಫ್ಲಾನ್ ವಾಸನೆ ಕುಡಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಇಡೀ ಕಿಟ್‌ನಲ್ಲಿ ನನಗೆ ಹೆಮ್ಮೆ ಇರುವ ಒಂದೇ ಐಡಿಯಾ ಇದು.

ಹೆಮ್ಮೆ ಇಲ್ಲದ ಐಡಿಯಾ ಥರ್ಮಾಕೋಲ್ ಸ್ಟ್ಯಾಂಡ್. ನಾಲ್ಕು ತೂತು ಕೊರೆದು ಚೆಂದ ಮಾಡಿದ್ದೆ. ನಿಂಬೆ ಎಣ್ಣೆ ಒಂದು ಹನಿ ಚೆಲ್ಲಿತು. ನೋಡನೋಡುತ್ತಾ ಥರ್ಮಾಕೋಲ್ ಕರಗಿ ಗುಂಡಿ ಬಿತ್ತು. ಲಿಮೊನೀನ್‌ಗೆ ಥರ್ಮಾಕೋಲ್ ಅಂದರೆ ನೀರಿಗೆ ಸಕ್ಕರೆ ಇದ್ದಂತೆ. ಲವಂಗದ ಎಣ್ಣೆಯೂ ಕಮ್ಮಿ ಇಲ್ಲ, ಡ್ರಾಪರ್‌ನ ರಬ್ಬರ್ ಬುರುಡೆ ವಾರದಲ್ಲಿ ಅಂಟಂಟಾಯಿತು. ಈಗ ಹಲಸಿನ ಮರದ ತುಂಡಿಗೆ ಹೋಲ್ ಸಾ ಹಾಕಿ ಕೊರೆದದ್ದಿದೆ. ತೂತು ಬಾಟಲಿಯ ತಳಕ್ಕಿಂತ 2 ಮಿ.ಮೀ. ದೊಡ್ಡದು.

ಒಂದೊಂದು ಬಾಟಲಿಯನ್ನು ಸುಮಾರು 20 ಸೆಕೆಂಡ್ ಮೂಸಬೇಕು. ಅದರ ಟೈಮರ್‌ಗೆ 555 ಐಸಿ, ಸಮಯ ಎಣಿಸುವ ಚಿಪ್ ಅದು. 180 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಎರಡನ್ನೂ ಗುಣಿಸಿ, ಮತ್ತೆ 1.1ರಿಂದ ಗುಣಿಸಿದರೆ 19.8 ಸೆಕೆಂಡ್. ಬಟನ್ ಒತ್ತಿದರೆ ಎಲ್‌ಇಡಿ ಹತ್ತುತ್ತದೆ, ಆರುವವರೆಗೆ ಮೂಸಬೇಕು. ಹಳೇ ಕೆಪಾಸಿಟರ್ ಹಾಕಿದ್ದಕ್ಕೆ ನನ್ನದು 22 ಸೆಕೆಂಡ್ ಓಡುತ್ತದೆ, ಇರಲಿ ಅಂತ ಬಿಟ್ಟೆ. ಫೋನಿನ ಟೈಮರ್ ಸಾಕಲ್ವಾ ಅಂತ ಕೇಳಬಹುದು. ಸಾಕು. ಆದರೆ ನಾನು ಫೋನ್ ಕೈಗೆತ್ತಿಕೊಂಡರೆ ಲವಂಗ ಮರೆತು ಕ್ರಿಕೆಟ್ ಸ್ಕೋರ್ ನೋಡುತ್ತೇನೆ.

ಕ್ರಮ ಹೀಗೆ. ಬೆಳಿಗ್ಗೆ ಕಾಫಿಗೆ ಮೊದಲು, ರಾತ್ರಿ ಮಲಗುವ ಮೊದಲು. ಬಾಟಲಿ ಮೂಗಿನಿಂದ ಎರಡು ಬೆರಳು ದೂರ. ಒಂದೇ ಸಲ ಜೋರಾಗಿ ಎಳೆಯಬಾರದು, ನಾಯಿ ಮೂಸುವ ಹಾಗೆ ಚಿಕ್ಕ ಚಿಕ್ಕದಾಗಿ ಮೂಸಬೇಕು. ಆ ವಸ್ತುವಿನ ನೆನಪು ತಂದುಕೊಳ್ಳಬೇಕು. ಒಂದು ಮುಗಿದ ಮೇಲೆ ನಾಲ್ಕೈದು ಸಲ ಸಾಮಾನ್ಯ ಉಸಿರಾಡಿ ಮುಂದಿನದು. ಎಣ್ಣೆಯನ್ನು ಮೂಗಿನೊಳಗೆ ಹಚ್ಚಬೇಡಿ, ಬಿಸಿ ಮಾಡಬೇಡಿ. ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ವಿಷ. ಸ್ಟ್ಯಾಂಡ್ ಬೀರುವಿನ ಮೇಲಿರಲಿ. ಉಬ್ಬಸ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಸೆಪ್ಟೆಂಬರ್ 26: ನನಗೇ ನಾನು ಟೋಪಿ ಹಾಕಿಕೊಂಡದ್ದು

ಮೂರನೇ ವಾರದಲ್ಲಿ ನನಗೆ ನೀಲಗಿರಿ ಬರತೊಡಗಿತು. ಲವಂಗವೂ ಬಂದ ಹಾಗೆ. ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ. ಹೆಂಡತಿ ಮಾತ್ರ "ಲೇಬಲ್ ಓದಿ ಮೂಸಿದ್ರೆ ಯಾರಿಗೆ ತಾನೇ ಬರಲ್ಲ?" ಅಂದಳು.

ಚುಚ್ಚಿತು. ರಿಪೇರಿಯವನಿಗೆ ಅಳತೆ ಇಲ್ಲದೆ "ಸರಿಯಾಯ್ತು" ಅನ್ನುವುದು ನಾಚಿಕೆ. ಎಲ್ಲ ಬಾಟಲಿಗೂ ಕರಿ ಇನ್ಸುಲೇಷನ್ ಟೇಪ್ ಸುತ್ತಿದೆ. ತಳದಲ್ಲಿ ನಂಬರು. ಒಂದು ಸ್ಟೀಲ್ ಡಬ್ಬಿಯಲ್ಲಿ 1ರಿಂದ 4ರವರೆಗೆ ಚೀಟಿ. ಅವಳು ಒಂದು ಚೀಟಿ ಎತ್ತುತ್ತಾಳೆ, ಆ ಬಾಟಲಿ ನನ್ನ ಮೂಗಿಗೆ ಹಿಡಿಯುತ್ತಾಳೆ, ಚೀಟಿ ವಾಪಸ್ ಡಬ್ಬಿಗೆ ಹಾಕುತ್ತಾಳೆ. ನಾನು ಕಣ್ಣು ಮುಚ್ಚಿ ಹೆಸರು ಹೇಳಬೇಕು. ಹೀಗೆ 12 ಸಲ. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ 3 ಸರಿಯಾಗುತ್ತದೆ, ಆದ್ದರಿಂದ 3 ಅಂದರೆ ಸೊನ್ನೆ ಅಂತಲೇ ಲೆಕ್ಕ.

ನನಗೆ ಬಂದದ್ದು 5. ಖುಷಿಯಾಯಿತು. ಆಮೇಲೆ ಅವಳು ಬರೆದ ಪಟ್ಟಿ ನೋಡಿದೆ. ನೀಲಗಿರಿ 4 ಸಲ ಬಂದಿತ್ತು, ನಾಲ್ಕೂ ಸರಿ. ಉಳಿದ 8ರಲ್ಲಿ ಸರಿಯಾದದ್ದು ಒಂದೇ.

ವಿಷಯ ಏನೆಂದರೆ, ನೀಲಗಿರಿ ಬರೀ ವಾಸನೆ ಅಲ್ಲ. ನೋವಿನ ಮುಲಾಮು ಹಣೆಗೆ ಹಚ್ಚಿದರೆ ತಣ್ಣಗೆ ಚುರುಗುಟ್ಟುತ್ತದಲ್ಲ, ಅದೇ ಮುಖದ ನರ ಮೂಗಿನೊಳಗೂ ಇದೆ. ವಾಸನೆಯ ನರ ಸತ್ತು ಬಿದ್ದಿದ್ದರೂ ಇದು ಕೆಲಸ ಮಾಡುತ್ತಿರುತ್ತದೆ. ನಾನು ಮೂರು ವಾರದಿಂದ ತಂಪನ್ನು ಹಿಡಿದು ವಾಸನೆ ಅಂತ ಸಂಭ್ರಮಿಸಿದ್ದೆ. ಲವಂಗದಲ್ಲೂ ಸ್ವಲ್ಪ ಈ ಚುರುಕು ಇದೆ, ಎಚ್ಚರ.

ತರಬೇತಿಯಲ್ಲಿ ನೀಲಗಿರಿ ಹಾಗೇ ಇಟ್ಟೆ. ಪರೀಕ್ಷೆಯಿಂದ ತೆಗೆದೆ. ಆ ಜಾಗಕ್ಕೆ ಬರೀ ಕಾಗದ ಇರುವ ಖಾಲಿ ಬಾಟಲಿ ಬಂತು. ಇದರಿಂದ ಪರೀಕ್ಷೆ ಭಯಂಕರ ಕಷ್ಟವಾಯಿತು. ಅಕ್ಟೋಬರ್ 10ರಂದು ಸಿಕ್ಕಿದ್ದು 3. ಖಾಲಿ ಬಾಟಲಿಯನ್ನು ಎರಡು ಸಲ ಗುಲಾಬಿ ಅಂದಿದ್ದೆ, ಅದೂ ಖಡಾಖಂಡಿತವಾಗಿ. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಖಾಲಿ ಬಾಟಲಿ ಒಂದು ಇಟ್ಟುಕೊಳ್ಳಿ.

ಅಕ್ಟೋಬರ್ ಕೊನೆ: ಕಾಫಿ ಕೆಟ್ಟಿತು

ಒಂದು ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟವನು ಸಿಂಕಿಗೆ ಉಗುಳಿದೆ. ಸುಟ್ಟ ರಬ್ಬರಿಗೆ ಕೊಳೆತ ಎಲೆಕೋಸು ಸೇರಿಸಿದ ಹಾಗೆ. ಹಾಲು ಒಡೆದಿದೆಯಾ ಅಂತ ಅವಳು ಕುಡಿದು ನೋಡಿದಳು, ಚೆನ್ನಾಗಿಯೇ ಇತ್ತು. ಆಮೇಲೆ ಈರುಳ್ಳಿ ಹುರಿದರೂ ಅದೇ ನಾತ, ಬೆಳ್ಳುಳ್ಳಿ ಒಗ್ಗರಣೆಗೂ ಅದೇ. ಎರಡು ತಿಂಗಳು ಮೊಸರನ್ನ, ಬಾಳೆಹಣ್ಣು, ಆರಿದ ಇಡ್ಲಿಯಲ್ಲೇ ಕಳೆದೆ. ಬಿಸಿ ಇದ್ದಷ್ಟೂ ನಾತ ಜಾಸ್ತಿ.

ಇದಕ್ಕೆ ಪ್ಯಾರೋಸ್ಮಿಯಾ ಅನ್ನುತ್ತಾರೆ. ವೈರಲ್ ಸೋಂಕಿನಿಂದ ವಾಸನೆ ಕಳಕೊಂಡ ಎಷ್ಟೋ ಜನಕ್ಕೆ ಕೆಲವು ತಿಂಗಳ ಮೇಲೆ ಬರುತ್ತದೆ. ಮೂಗಿನ ಮೇಲ್ಭಾಗದ ವಾಸನೆ ನರಗಳು ಬದುಕಿಡೀ ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತವೆ. ಕೋವಿಡ್ ಹೊಡೆಯುವುದು ಮುಖ್ಯವಾಗಿ ಅವುಗಳಿಗೆ ಆಸರೆಯಾದ ಸುತ್ತಲಿನ ಕೋಶಗಳನ್ನು. ನರ ಮತ್ತೆ ಬೆಳೆದು ಮಿದುಳು ತಲುಪುವ ದಾರಿಯಲ್ಲಿ ಜೋಡಣೆ ಅರೆಬರೆ ಆಗಿರುತ್ತದೆ ಅನ್ನುವುದು ಒಂದು ವಿವರಣೆ. ಕಲರ್ ಕೋಡ್ ನೋಡದೆ ವೈರ್ ಸೇರಿಸಿದ ಬೋರ್ಡ್ ಅಂದುಕೊಳ್ಳಿ. ಕಾಫಿಯೇ ಯಾಕೆ ಅನ್ನುವುದಕ್ಕೆ 2022ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಒಳ್ಳೆಯ ಉತ್ತರ ಕೊಟ್ಟರು. ಕಾಫಿಯ ಘಮವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಇಂಥವರಿಗೆ ಮೂಸಲು ಕೊಟ್ಟಾಗ, ಗಂಧಕ ಇರುವ ಒಂದು ವಸ್ತುವೇ ಹೆಚ್ಚಿನವರಿಗೆ ಅಸಹ್ಯ ತಂದಿತು. ಅದರ ಹೆಸರು 2-ಫ್ಯೂರಾನ್‌ಮೀಥೇನ್‌ಥಯಾಲ್. ಹುರಿದ ಪದಾರ್ಥಗಳಲ್ಲಿ ಇಂಥವು ಹುಟ್ಟುತ್ತವೆ, ಅತಿ ಸಣ್ಣ ಪ್ರಮಾಣದಲ್ಲೂ ತಿಳಿಯುತ್ತವೆ.

ನನಗಂತೂ ಆ ನಾತದಲ್ಲೂ ಒಂದು ಸಮಾಧಾನ ಇತ್ತು. ಸತ್ತ ಬೋರ್ಡ್‌ಗಿಂತ ತಪ್ಪು ರೀಡಿಂಗ್ ಕೊಡುವ ಬೋರ್ಡ್ ವಾಸಿ.

ಚೀಟಿ ಪರೀಕ್ಷೆಯಲ್ಲಿ ಅಕ್ಟೋಬರ್ 31ಕ್ಕೆ 4. ನವೆಂಬರ್ 28ಕ್ಕೆ 12 ವಾರ ತುಂಬಿತು, ಅವತ್ತು 7. ಬರೀ ಊಹೆಯಿಂದ 7 ಅಥವಾ ಜಾಸ್ತಿ ಬರುವ ಸಾಧ್ಯತೆ 100ಕ್ಕೆ ಒಂದೂವರೆಯಷ್ಟು. ಪಟ್ಟಿ ನೋಡಿದರೆ ಲವಂಗ, ನಿಂಬೆ ಹೆಚ್ಚು ಕಮ್ಮಿ ಸರಿ, ಖಾಲಿ ಬಾಟಲಿಯನ್ನೂ ಖಾಲಿ ಅಂದಿದ್ದೆ. ಗುಲಾಬಿ ಒಂದೂ ಇಲ್ಲ. ಇದು ತರಬೇತಿಯಿಂದಲೋ, ದಿನ ಕಳೆದು ತಾನಾಗೇ ಬಂದದ್ದೋ? ಒಂದೇ ಮೂಗಿನ ಮೇಲೆ ಮಾಡಿದ ಪ್ರಯೋಗ ಅದನ್ನು ಹೇಳಲಾರದು.

ವಾಸನೆ ಬದಲು

2015ರಲ್ಲಿ ಟರ್ಕಿಯ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 12 ವಾರಕ್ಕೊಮ್ಮೆ ನಾಲ್ಕೂ ವಾಸನೆ ಬದಲಿಸಿ ಒಟ್ಟು 36 ವಾರ ನಡೆಸಿದ್ದರು. ಅದರಲ್ಲಿ ಫಲ ಇನ್ನೂ ಚೆನ್ನಾಗಿತ್ತು. ಅವರು ಬಳಸಿದ್ದು ಪುದೀನ ಸತ್ವ, ಮಲ್ಲಿಗೆ, ಬರ್ಗಮಾಟ್, ಗ್ರೀನ್ ಟೀ, ರೋಸ್‌ಮೇರಿ ಇಂಥವು. ನಾನು ರೋಸ್‌ಮೇರಿ ಜನ್ಮದಲ್ಲಿ ಮೂಸಿಲ್ಲ. ನೆನಪೇ ಇಲ್ಲದ ವಾಸನೆಯನ್ನು ನೆನೆಯುವುದು ಹೇಗೆ?

ಅದಕ್ಕೆ ನಮ್ಮದೇ ಸೆಟ್ ಮಾಡಿಕೊಂಡೆ. ಹೂವಿಗೆ ಮಲ್ಲಿಗೆ, ಹಣ್ಣಿಗೆ ಕಿತ್ತಳೆ ಎಣ್ಣೆ, ಮಸಾಲೆಗೆ ಜಜ್ಜಿದ ಏಲಕ್ಕಿ. ರಾಳದ ಜಾಗಕ್ಕೆ ಮೊದಲು ಗ್ರಂಧಿಗೆ ಅಂಗಡಿಯ ಹಾಲುಮಡ್ಡಿ ತಂದೆ, ಮೈಸೂರು ಬತ್ತಿಗೆ ಹಾಕುತ್ತಿದ್ದ ಹಳೇ ಅಂಟು ಅದು. ಬತ್ತಿ ಉರಿಯದೆ ಅದರ ವಾಸನೆ ಬಾಟಲಿಯಿಂದ ಏಳಲೇ ಇಲ್ಲ ಅಂದಳು ಇವಳು. ಕೊನೆಗೆ ಹೊಳೆದದ್ದು ನನ್ನ ಮೇಜಿನ ಮೇಲೇ ಇತ್ತು: ಬೆಸುಗೆಯ ರಾಳ. ಅದನ್ನು ಎರಡು ಹನಿ ಟರ್ಪೆಂಟೈನ್‌ನಲ್ಲಿ ನೆನೆಸಿ ಕಾಗದಕ್ಕೆ ಹಚ್ಚಿದೆ. ಇಪ್ಪತ್ತು ವರ್ಷ ದಿನವೂ ಮೂಸಿದ ವಸ್ತು. ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿ ನೆನಪು ಇನ್ನೊಂದಿಲ್ಲ. ಟರ್ಪೆಂಟೈನ್ ಕೂಡ ಚುರುಗುಟ್ಟುತ್ತದೆ, ಆದ್ದರಿಂದ ಪರೀಕ್ಷೆಗೆ ಅದನ್ನೂ ತರಲಿಲ್ಲ.

2022ರ ಫೆಬ್ರವರಿ 20, ಈ ಬದಲಿ ಸೆಟ್‌ಗೆ 12 ವಾರ ತುಂಬಿದ ದಿನ: 8. ಏಲಕ್ಕಿ, ಕಿತ್ತಳೆ ಒಂದೂ ತಪ್ಪಲಿಲ್ಲ. ಮಲ್ಲಿಗೆ ಮೂರರಲ್ಲಿ ಒಂದು. ಹೂವುಗಳ ಜೊತೆ ನನ್ನ ಮೂಗಿಗೆ ಏನೋ ಜಗಳ ಇದೆ. ಗುಲಾಬಿ ಇವತ್ತಿಗೂ ನೆನೆದ ರಟ್ಟಿನ ಹಾಗೆ. ಕಾಫಿ ಮಾರ್ಚ್ ಹೊತ್ತಿಗೆ ಕುಡಿಯುವಂತಾಯಿತು, ಆದರೆ ಹಳೇ ಕಾಫಿ ಅದಲ್ಲ. ಅಂಗಡಿಯಲ್ಲಿ ಸುಟ್ಟ ವಾರ್ನಿಷ್ ಹತ್ತಿರ ಹಿಡಿದರೆ ಬರುತ್ತದೆ, ದೂರದಿಂದ ಇಲ್ಲ. ಟೆಸ್ಟ್‌ಗೆ ಓಡಿಸುವ ಮೋಟಾರ್‌ಗೆ ಈಗ ಟೆಂಪರೇಚರ್ ಪ್ರೋಬ್ ಕಟ್ಟುತ್ತೇನೆ.

ಒಟ್ಟು ಖರ್ಚು 1,140 ರೂಪಾಯಿ. ಹಾಳಾದ ಅತ್ತರು, ಥರ್ಮಾಕೋಲ್ ಎಲ್ಲ ಸೇರಿ. ಸುಟ್ಟ ಮಿಕ್ಸಿ ಸೇರಿಲ್ಲ.

ಹೋದ ವಾರ ಹಿಂದಿನ ಬೀದಿಯ ಮೇಷ್ಟ್ರು ಅವರ ತಾಯಿಗೆ ಒಂದು ಸೆಟ್ ಬೇಕು ಅಂದರು. ಫ್ಲೂ ಬಂದು ಹೋದ ಮೇಲೆ ಆರು ತಿಂಗಳಿಂದ ಸಾರಿನ ಘಮ ಗೊತ್ತಾಗುತ್ತಿಲ್ಲವಂತೆ. ಅಜ್ಜಿಯ ಕೈ ನಡುಗುತ್ತದೆ, ಅದಕ್ಕೆ ಬಾಟಲಿ ಬಾಯಿಗೆ ತೆಳು ಹತ್ತಿ ಬಟ್ಟೆ ಕಟ್ಟಿದೆ, ಬಗ್ಗಿದರೂ ಕಾಗದ ಬೀಳದಂತೆ. ಲೇಬಲ್ ದಪ್ಪ ಅಕ್ಷರದಲ್ಲಿ. 555 ಬೋರ್ಡ್ ಬೇಡ ಅಂದರು, ವಿಷ್ಣು ಸಹಸ್ರನಾಮದ ಎರಡು ಶ್ಲೋಕ ಹೇಳಿಕೊಂಡು ಮೂಸುತ್ತಾರಂತೆ. ಖಾಲಿ ಬಾಟಲಿ ಯಾಕೆ ಅಂತ ಕೇಳಿದರು, ಹೇಳಿದೆ. "ಹಾಗಾದ್ರೆ ಚೀಟಿ ನಿನ್ನ ಹೆಂಡತಿಯೇ ಎತ್ತಲಿ ಕಣಪ್ಪ, ನನ್ನ ಮಗ ಸುಳಿವು ಕೊಟ್ಟುಬಿಡ್ತಾನೆ" ಅಂದರು. ಮೊದಲ ಪರೀಕ್ಷೆ ಈ ಭಾನುವಾರ.